ಚೂಟಿನ ಹಿಂದೆ ನಿಂತವರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾನೂ ನಿಮ್ಮ ಅವ್ವನೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನನಗೆ ಆಗಲೇ ಉತ್ತರ ಹೊಳೆಯಲಿಲ್ಲ. ಎರಡು ದಿನ ಅದೇ ತಲೆಯಲ್ಲಿತ್ತು. ಬಾಯಲ್ಲಿ ಹೇಳಹೋದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆನಡಾ ದಿನದ ರಜೆಗೆ ಗೆಳತಿಯ ಊರು ರೇಮಂಡ್‌ಗೆ ಹೋಗುತ್ತೇನೆ, ಅವರ ಮನೆಯವರೆಲ್ಲ ರೋಡಿಯೋ ಅನ್ನುವ ಈ ಕುದುರೆ, ಹೋರಿಗಳ ಸ್ಪರ್ಧೆಯಲ್ಲೇ ಇರುತ್ತಾರೆ, ಗೆಳತಿಯ ತಮ್ಮ ಹೋರಿ ಸವಾರಿ ಮಾಡುತ್ತಾನೆ ಅಂದೆ. ಆಮೇಲೆ ಕೇಳಿದೆ: "ಕುದುರೆಗೆ ಕೆಮ್ಮು ಬಂದರೆ ರಾತ್ರಿಯೆಲ್ಲ ಲಾಯದಲ್ಲಿ ಮಲಗುವ ಜನ ಇವರು. ಅದೇ ಕುದುರೆಯನ್ನು ಕಣಕ್ಕೆ ಯಾಕಪ್ಪಾ ಇಳಿಸುತ್ತಾರೆ? ಹೆತ್ತ ತಾಯಿ ಮಗನನ್ನು ಹೋರಿಯ ಬೆನ್ನ ಮೇಲೆ ಹೇಗೆ ಬಿಡುತ್ತಾಳೆ?" ಪಶುವೈದ್ಯಕೀಯ ಓದುತ್ತಿರುವವಳು ಕೇಳಲೇಬೇಕಾದ ಪ್ರಶ್ನೆ. ಕೇಳಿದ್ದು ನನಗೆ ಹೆಮ್ಮೆ.

ನಾನು ಕುದುರೆ ಹತ್ತಿದವನಲ್ಲ. ಆಲ್ಬರ್ಟಾದ ಈ ಹೈ ರಿವರ್ ಊರಲ್ಲಿ ಟ್ರೇಲರ್ ರಿಪೇರಿ ಮಾಡುವವನು. ಆದರೆ ಕುದುರೆ ಟ್ರೇಲರಿನ ರಬ್ಬರ್ ಹಾಸು ಎತ್ತಿ ನೋಡಿದರೆ ಆ ಮನೆಯ ಬದುಕು ಅರ್ಧ ತಿಳಿಯುತ್ತದೆ. ಮೂತ್ರ ಇಳಿದು ಇಳಿದು ಹಲಗೆ ಕೆಳಗಿನಿಂದ ಕೊಳೆಯುತ್ತದೆ, ಮೇಲೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಓಡುವ ಗಾಡಿಯಲ್ಲಿ ಕುದುರೆಯ ಕಾಲು ಆ ಹಲಗೆ ಒಡೆದು ರಸ್ತೆಗೆ ತಾಗಿದರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಬೇಕಿಲ್ಲ. ಆ ಹಲಗೆ ಬದಲಿಸಲು ಬಂದ ಗಂಡ, ಹೆಂಡತಿ, ಮಕ್ಕಳು, ಅಜ್ಜ, ಎಲ್ಲರೂ ನನ್ನ ಗ್ಯಾರೇಜಿನಲ್ಲಿ ಕೂತು ಚಹಾ ಕುಡಿದಿದ್ದಾರೆ. ನಾನು ಹೇಳುವುದೆಲ್ಲ ಅವರಿಂದ ತಿಳಿದದ್ದು, ಹತ್ತಿರ ನಿಂತು ನೋಡಿದ್ದು.

ಟಿವಿಯಲ್ಲಿ ಕಾಣುವುದು ಎಂಟು ಸೆಕೆಂಡು. ಒಂದೇ ಕೈಯಲ್ಲಿ ಹಿಡಿದಿರಬೇಕು, ಇನ್ನೊಂದು ಕೈ ಎಲ್ಲೂ ತಾಗಬಾರದು. ನೂರು ಅಂಕದಲ್ಲಿ ಅರ್ಧ ಸವಾರನಿಗೆ, ಅರ್ಧ ಪ್ರಾಣಿಗೆ. ಅಷ್ಟು ನೋಡಿದರೆ ಇದು ಒಬ್ಬ ಗಂಡಸಿನ ಧೈರ್ಯದ ಆಟ ಅನಿಸುತ್ತದೆ. ರೇಮಂಡ್‌ನಲ್ಲಿ ನೀನು ಗ್ಯಾಲರಿಯಲ್ಲಿ ಕೂರಬೇಡ. ಗೆಳತಿಯ ಮನೆಯವರ ಜೊತೆ ಚೂಟಿನ ಹಿಂದಿನ ಕಟ್ಟೆಯ ಹತ್ತಿರ ಹೋಗು. ಚೂಟು ಅಂದರೆ ಹೋರಿ ಹಿಡಿಸುವಷ್ಟೇ ಅಗಲದ ಕಬ್ಬಿಣದ ಗೂಡು. ಸವಾರ ಅದರ ಮೇಲಿನಿಂದ ಇಳಿದು ಹೋರಿಯ ಬೆನ್ನಿಗೆ ಕೂರುತ್ತಾನೆ. ಹೋರಿಯ ಮುಂಗಾಲುಗಳ ಹಿಂದೆ ಮೈಸುತ್ತ ಕಟ್ಟಿದ ಹಗ್ಗದಲ್ಲಿ ಕೈಗವಸಿನ ಕೈ ತೂರಿಸುತ್ತಾನೆ. ಹಗ್ಗಕ್ಕೆ ರಾಳ ಉಜ್ಜಿರುತ್ತಾರೆ, ಕೆಳಗೆ ಗಂಟೆ ಕಟ್ಟಿರುತ್ತಾರೆ, ಸವಾರ ಬಿದ್ದಾಗ ಅದರ ಭಾರಕ್ಕೆ ಹಗ್ಗ ತಾನೇ ಕಳಚಿ ಬೀಳಲಿ ಅಂತ. ಆ ಹಗ್ಗವನ್ನು ಮೇಲಿಂದ ಜಗ್ಗಿ ಬಿಗಿ ಮಾಡಿಕೊಡುವವನು ಯಾರು ಗೊತ್ತಾ? ಅದೇ ಬಹುಮಾನಕ್ಕೆ ಅದೇ ದಿನ ಸ್ಪರ್ಧಿಸುತ್ತಿರುವ ಇನ್ನೊಬ್ಬ ಸವಾರ. ಹೋರಿ ತಟ್ಟನೆ ಕೊಸರಿದರೆ ಸವಾರನ ಮುಖ ಕಬ್ಬಿಣಕ್ಕೆ ಬಡಿಯದಿರಲಿ ಅಂತ ಹಿಂದಿನಿಂದ ಅವನ ವೆಸ್ಟು ಹಿಡಿದು ನಿಂತವನೂ ಎದುರಾಳಿಯೇ. ಅವನು ಹಗ್ಗ ಒಂದಿಷ್ಟು ಸಡಿಲ ಬಿಟ್ಟರೆ ಸಾಕು, ಬಹುಮಾನ ತನ್ನ ಕಡೆ ವಾಲುತ್ತದೆ. ಯಾರೂ ಹಾಗೆ ಮಾಡುವುದಿಲ್ಲ. ಮುಂದಿನ ಸರದಿಯಲ್ಲಿ ಇವನೇ ಅವನ ಹಗ್ಗ ಹಿಡಿಯುತ್ತಾನೆ.

ಗೇಟು ತೆರೆದ ಮೇಲೆ ಬೇರೆಯವರ ಕೆಲಸ ಶುರು. ಹೋರಿಯ ಕಣ್ಣನ್ನು ತಮ್ಮ ಕಡೆ ಸೆಳೆದು, ಬಿದ್ದವನಿಗೂ ಕೊಂಬಿಗೂ ನಡುವೆ ಓಡುವ ಬುಲ್‌ಫೈಟರ್‌ಗಳು. ಅಲ್ಲಿ ಕತ್ತಿಯಿಲ್ಲ, ಕೊಲ್ಲುವುದಿಲ್ಲ, ಕಾಯುವುದಷ್ಟೇ ಅವರ ಕೆಲಸ. ಬ್ರಾಂಕ್ ಅಂದರೆ ಹತ್ತಿದವನನ್ನು ಕುಪ್ಪಳಿಸಿ ಕೆಡವುವ ಕುದುರೆ; ಅದರ ಸವಾರಿಯಾದರೆ ಎರಡು ಬದಿಯಲ್ಲಿ ಪಿಕಪ್ ಸವಾರರು ಕುದುರೆ ಓಡಿಸಿಕೊಂಡು ಬಂದು ಸವಾರನನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಓಡುವ ಎಳೆ ಹೋರಿಯನ್ನು ಕೊಂಬು ಹಿಡಿದು ಕೆಡವುವ ಸ್ಪರ್ಧೆಯಲ್ಲಿ, ಅದು ನೇರ ಓಡಲೆಂದು ಆ ಬದಿಯಲ್ಲಿ ಕುದುರೆ ಓಡಿಸುವವನೂ ಎಷ್ಟೋ ಸಲ ಸ್ಪರ್ಧಿಯೇ. ಕುದುರೆ ಕುಂಟಿದರೆ ಎದುರಾಳಿ ತನ್ನದನ್ನೇ ಕೊಡುತ್ತಾನೆ, ಗೆದ್ದವನು ಗಳಿಕೆಯಲ್ಲಿ ಒಂದು ಪಾಲು ಕುದುರೆಯ ಯಜಮಾನನಿಗೆ ಕೊಡುತ್ತಾನೆ. ಇದೆಲ್ಲ ಬಾಯಿಮಾತಿನ ಮೇಲೆ ನಡೆಯುವ ವ್ಯವಹಾರ.

ಇದು ಬರೀ ಒಳ್ಳೆಯತನ ಅಂತ ನಾನು ಹೇಳುತ್ತಿಲ್ಲ. ರೋಡಿಯೋದವನಿಗೆ ಸಂಬಳವಿಲ್ಲ. ಪ್ರವೇಶ ಶುಲ್ಕ ಕಟ್ಟಿ ಕಣಕ್ಕಿಳಿಯಬೇಕು, ಡೀಸೆಲ್ ಅವನದೇ, ಬಿದ್ದರೆ ಕೈಗೆ ಏನೂ ಹತ್ತುವುದಿಲ್ಲ. ಜೂನ್ ಕೊನೆ, ಜುಲೈ ಮೊದಲ ದಿನಗಳಲ್ಲಿ ಊರೂರಿಗೆ ರೋಡಿಯೋ. ಆ ದಿನಗಳನ್ನು ಇವರು ಕೌಬಾಯ್ ಕ್ರಿಸ್‌ಮಸ್ ಅನ್ನುತ್ತಾರೆ. ನಾಲ್ಕು ಜನ ಒಂದೇ ಟ್ರಕ್ಕು ಹತ್ತಿ, ಒಬ್ಬ ಓಡಿಸುವಾಗ ಮೂವರು ನಿದ್ದೆ ಮಾಡುತ್ತ, ಖರ್ಚು ಹಂಚಿಕೊಂಡು ರಾತ್ರಿಯೆಲ್ಲ ಓಡಾಡುತ್ತಾರೆ. ಒಬ್ಬನೇ ಇದ್ದರೆ ಈ ಬದುಕು ಒಂದು ತಿಂಗಳೂ ನಡೆಯದು. 1936ರಲ್ಲಿ ಬಾಸ್ಟನ್ ಗಾರ್ಡನ್‌ನಲ್ಲಿ 61 ಕೌಬಾಯ್‌ಗಳು ಕಣಕ್ಕಿಳಿಯುವುದಿಲ್ಲ ಅಂತ ಕೂತರು. ತಾವು ಕಟ್ಟಿದ ಶುಲ್ಕವನ್ನು ಬಹುಮಾನದ ಹಣಕ್ಕೆ ಸೇರಿಸಿ ಅನ್ನುವುದು ಅವರ ಬೇಡಿಕೆ. ಆಗ ಹುಟ್ಟಿದ ಕೌಬಾಯ್ಸ್ ಟರ್ಟಲ್ ಅಸೋಸಿಯೇಷನ್ನೇ ಇಂದಿನ ವೃತ್ತಿಪರ ರೋಡಿಯೋ ಕೌಬಾಯ್‌ಗಳ ಸಂಘ ಪಿಆರ್‌ಸಿಎಯ ಬೇರು. ಒಬ್ಬೊಬ್ಬನೇ ಅಲೆಯುವ ಜನ ಅಂತ ಲೋಕ ತಿಳಿದವರು ಹೀಗೆ ಒಗ್ಗಟ್ಟಾದದ್ದು ನನಗೆ ದೊಡ್ಡ ವಿಷಯ.

ಹೆಣ್ಣುಮಕ್ಕಳ ಕಥೆಯನ್ನೂ ಕೇಳು. ಮೆರವಣಿಗೆಯ ಅಂದಕ್ಕೆ ಮಾತ್ರ ಅವರನ್ನು ಕರೆಯುವುದು ರೂಢಿಯಾಗಿದ್ದ ಕಾಲದಲ್ಲಿ, 1948ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಜೆಲೋದಲ್ಲಿ 38 ಮಹಿಳೆಯರು ಸೇರಿ ತಮ್ಮದೇ ಸಂಘ ಕಟ್ಟಿದರು. ಅದು ಇಂದಿಗೂ ಇದೆ, ಮಹಿಳೆಯರೇ ನಡೆಸುತ್ತಾರೆ. ಮೂರು ಪೀಪಾಯಿ ಸುತ್ತಿ ಬರುವ ಬ್ಯಾರೆಲ್ ರೇಸಿಂಗ್ ಇವತ್ತು ಇಷ್ಟು ದೊಡ್ಡದಾಗಿದ್ದರೆ ಅದರ ಹಿಂದೆ ಅವರಿದ್ದಾರೆ. ನಮ್ಮ ಕ್ಯಾಲ್ಗರಿಯ ದೊಡ್ಡ ರೋಡಿಯೋ ಜಾತ್ರೆ, ಸ್ಟ್ಯಾಂಪೀಡ್ ಅನ್ನೇ ನೋಡು. 1912ರಲ್ಲಿ ಅದನ್ನು ಶುರು ಮಾಡಿದ್ದು ಗೈ ವೀಡಿಕ್ ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕು ಜನ ಸಿರಿವಂತರು ತಲಾ 25,000 ಡಾಲರ್ ಭರವಸೆ ಕೊಟ್ಟು ಬೆನ್ನಿಗೆ ನಿಂತರು ಅಂತಲೂ ಹೇಳುತ್ತಾರೆ. ಅವನ ಹೆಂಡತಿ ಫ್ಲೋರೆಸ್ ಲಾಡ್ಯೂ ಹಗ್ಗದ ಚಮತ್ಕಾರದಲ್ಲಿ ವಿಶ್ವ ಚಾಂಪಿಯನ್. ಗಂಡ ಹೆಂಡತಿ ಇಬ್ಬರೂ ಸೇರಿ ವೇದಿಕೆಗಳ ಮೇಲೆ ಆಟ ತೋರಿಸಿ ಬದುಕಿದವರು, ಸೇರಿಯೇ ಇಲ್ಲಿ ರ‍್ಯಾಂಚ್ ನಡೆಸಿದವರು. ಇಬ್ಬರ ಸಮಾಧಿಯೂ ನಮ್ಮೂರಿನಲ್ಲೇ ಇದೆ. ಬಂದಾಗ ಹೋಗಿ ನೋಡೋಣ.

ಆ ಮೊದಲ ವರ್ಷವೇ ಬ್ರಾಂಕ್ ಸವಾರಿಯಲ್ಲಿ ಗೆದ್ದದ್ದು ಕೈನಾಯ್ ಅನ್ನುವ ಮೂಲನಿವಾಸಿ ಜನಾಂಗದ ಟಾಮ್ ತ್ರೀ ಪರ್ಸನ್ಸ್. ಮೂಲನಿವಾಸಿಗಳು ತಮಗೆ ಗೊತ್ತುಮಾಡಿದ ರಿಸರ್ವ್ ಜಾಗ ಬಿಟ್ಟು ಹೊರಗೆ ಕಾಲಿಡಲು ಸರ್ಕಾರಿ ಏಜೆಂಟನ ಚೀಟಿ ಬೇಕಿದ್ದ ಕಾಲ ಅದು. ತಮ್ಮ ನೃತ್ಯ, ತಮ್ಮ ಉಡುಗೆ, ಎಲ್ಲದಕ್ಕೂ ಅಡ್ಡಿ. ಸ್ಟ್ಯಾಂಪೀಡಿನ ದಿನಗಳಲ್ಲಿ ಮಾತ್ರ ಸರ್ಕಾರದ ಜೊತೆ ಟ್ರೀಟಿ 7 ಅನ್ನುವ ಒಪ್ಪಂದ ಮಾಡಿಕೊಂಡಿದ್ದ ಐದು ಜನಾಂಗಗಳ ಕುಟುಂಬಗಳು ಕುದುರೆ, ಮಕ್ಕಳು, ಮುದುಕರ ಸಮೇತ ಬಂದು ಟೀಪಿ ಅನ್ನುವ ಡೇರೆ ಹಾಕಿ ತಮ್ಮ ಬಂಧುಗಳನ್ನೆಲ್ಲ ಕಾಣಬಹುದಿತ್ತು. ಈಗಲೂ ಸ್ಟ್ಯಾಂಪೀಡಿನ ಎಲ್ಬೋ ರಿವರ್ ಕ್ಯಾಂಪಿನಲ್ಲಿ 26 ಟೀಪಿಗಳು ನಿಲ್ಲುತ್ತವೆ. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಟೀಪಿಯ ಜಾಗ ನಡೆದು ಬಂದ ಮನೆತನಗಳು ಅಲ್ಲಿವೆ. ನೀನು ಚಿಕ್ಕವಳಿದ್ದಾಗ ಅಲ್ಲಿ ಒಬ್ಬ ಅಜ್ಜಿ ನಿನಗೆ ಬ್ಯಾನಕ್ ರೊಟ್ಟಿ ತಿನ್ನಿಸಿದ್ದು ನೆನಪಿದೆಯಾ? ಅವ್ವ ಈಗಲೂ ಹೇಳುತ್ತಿರುತ್ತಾಳೆ. ಪ್ರೇಕ್ಷಕರ ಮುಂದೆ ಪ್ರದರ್ಶನಕ್ಕೆ ಕರೆಸಿಕೊಂಡದ್ದರಲ್ಲಿ ಅನ್ಯಾಯದ ಪಾಲೂ ಇತ್ತು, ಅದನ್ನು ಮುಚ್ಚಿಡಬಾರದು. ಆದರೆ ಆ ಮನೆತನಗಳು ಆ ದಿನಗಳನ್ನು ತಮ್ಮದಾಗಿಸಿಕೊಂಡವು.

ಇನ್ನು ಚಕ್‌ವ್ಯಾಗನ್ ಮನೆಗಳು. ನಾಲ್ಕು ಕುದುರೆ ಕಟ್ಟಿದ ಗಾಡಿ ಓಟ, ಅರ್ಧ ಮೈಲಿ. ಗಾಡಿಯ ಮೇಲೆ ಕಾಣುವವನು ಒಬ್ಬನೇ. ಲಾಯದ ಕಡೆ ಹೋದರೆ ಇಡೀ ಮನೆತನ ಟ್ರೇಲರಿನಲ್ಲಿ ಸಂಸಾರ ಹೂಡಿರುತ್ತದೆ. ಬೆಳಗ್ಗೆ ಐದಕ್ಕೆ ಮೇವು, ಕುದುರೆಗಳ ಕಾಲು ತಣ್ಣೀರಲ್ಲಿ ನೆನೆಸುವುದು, ಹಾರ್ನೆಸ್ ಒರೆಸುವುದು. ಹತ್ತು ವರ್ಷದ ಹುಡುಗಿಗೆ ಯಾವ ಕುದುರೆ ಬಲಗಡೆ ಕಟ್ಟಿದರೆ ಸಿಟ್ಟಾಗುತ್ತದೆ ಅಂತ ಗೊತ್ತಿರುತ್ತದೆ. ಗ್ಲಾಸ್ ಮನೆತನ ನಾಲ್ಕು ತಲೆಮಾರಿನಿಂದ ಇದೇ ಓಟದಲ್ಲಿದೆ. ಬಿಗ್ ವ್ಯಾಲಿಯ ಝೀಕ್ ಥರ್ಸ್‌ಟನ್ ಬ್ರಾಂಕ್ ಸವಾರಿಯಲ್ಲಿ 2016, 2019, 2022, 2023ರಲ್ಲಿ ವಿಶ್ವ ಚಾಂಪಿಯನ್ ಆದ. ಅವನ ಅಪ್ಪ ಸ್ಕೀಟರ್ ಕೂಡ ಅದೇ ಸವಾರಿಯಲ್ಲಿ ಹೆಸರಾದವನು. ಯೂಟಾದ ಮಿಲ್‌ಫರ್ಡ್ ಊರಿನ ರೈಟ್ ಕುಟುಂಬದಲ್ಲಂತೂ ಅಣ್ಣತಮ್ಮಂದಿರು, ಅವರ ಮಕ್ಕಳು, ಎಲ್ಲರೂ ಬ್ರಾಂಕ್ ಸವಾರರೇ. ಅಪ್ಪ ಮಗ ಒಂದೇ ದಿನ ಒಂದೇ ಬಹುಮಾನಕ್ಕೆ ಸ್ಪರ್ಧಿಸಿದ್ದುಂಟು.

ನಮ್ಮ ಹಾವೇರಿ ಕಡೆಯ ಹೋರಿ ಹಬ್ಬ ನಿನಗೆ ಗೊತ್ತಲ್ಲ. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಸರ ಕಟ್ಟಿ ಬಿಡುವ ಹೋರಿಗೆ ಮನೆಯ ಮಗನಿಗಿಂತ ಹೆಚ್ಚು ಮೇವು, ಮೈದಡವಿಕೆ. ನಿಮ್ಮ ಅಜ್ಜ ತಾನು ಉಂಡರೂ ಬಿಟ್ಟರೂ ಹೋರಿಗೆ ಹುರುಳಿ ತಪ್ಪಿಸುತ್ತಿರಲಿಲ್ಲ. ಹೋರಿ ಹಿಡಿಯಲು ಹೋಗಿ ಹುಡುಗರು ಸತ್ತದ್ದೂ ಉಂಟು. ಮರುವರ್ಷ ಮತ್ತೆ ಹಬ್ಬ. ಹಾಗಾಗಿ ಪ್ರೀತಿಯೂ ಅಪಾಯವೂ ಒಂದೇ ಹಟ್ಟಿಯಲ್ಲಿ ಇರಬಲ್ಲವು ಅನ್ನುವುದು ನಾನು ಇಲ್ಲಿಗೆ ಬಂದ ಮೇಲೆ ಕಲಿತ ಪಾಠವಲ್ಲ.

ಆದರೆ ನನ್ನವ್ವಾ, ಮನೆತನದ ಹೆಮ್ಮೆ ಮಗುವಿನ ಕುತ್ತಿಗೆಗೆ ಬಿದ್ದರೆ ಏನು ಗತಿ? ನಿನ್ನ ಪ್ರಶ್ನೆಯ ಒಳಗಿರುವುದು ಇದೇ ಅಂತ ನನಗೆ ಗೊತ್ತು. ಐದಾರು ವರ್ಷದ ಮಕ್ಕಳಿಗೆ ಹೆಲ್ಮೆಟ್ ಹಾಕಿ ಕುರಿಯ ಬೆನ್ನ ಮೇಲೆ ಕೂರಿಸುವುದನ್ನು ನೀನು ರೇಮಂಡ್‌ನಲ್ಲಿ ನೋಡುತ್ತೀ. ಜನ ಚಪ್ಪಾಳೆ ತಟ್ಟುತ್ತಾರೆ. ಕೆಲವು ಮಕ್ಕಳು ನಗುತ್ತ ಏಳುತ್ತವೆ. ಅಳುವ ಮಗುವಿಗೆ "ಏಳು, ಏನೂ ಆಗಿಲ್ಲ, ಕೌಬಾಯ್ ಅಳಬಾರದು" ಅನ್ನುವ ಅಪ್ಪಂದಿರನ್ನು ನಾನು ನೋಡಿದ್ದೇನೆ, ನನಗೆ ಆ ಮಾತು ಸರಿ ಅನಿಸಿಲ್ಲ. ನೋವು ನುಂಗು ಅನ್ನುವ ಈ ಕಲಿಕೆಯೇ ಮುಂದೆ ಪ್ರಾಣಕ್ಕೆ ಬರುತ್ತದೆ.

ಬ್ರಿಟಿಷ್ ಕೊಲಂಬಿಯಾದ ಮೆರಿಟ್ ಊರಿನ ಟೈ ಪೊಝೊಬೊನ್ ಇದ್ದನಲ್ಲ, ಕೆನಡಾದ ಹೋರಿ ಸವಾರರಲ್ಲಿ ಅತಿ ಒಳ್ಳೆಯವರಲ್ಲಿ ಒಬ್ಬ. 2016ರಲ್ಲಿ ಹೋರಿ ಸವಾರಿಯ ಸಂಸ್ಥೆ ಪಿಬಿಆರ್‌ನ ಕೆನಡಾ ಚಾಂಪಿಯನ್. 2017ರ ಜನವರಿಯಲ್ಲಿ, 25ನೇ ವಯಸ್ಸಿಗೆ, ತಾನೇ ಪ್ರಾಣ ಕಳೆದುಕೊಂಡ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ಹಾಳಾಗಿತ್ತು. ಅವನ ತಂದೆ ತಾಯಿ ಮಗನ ಮಿದುಳನ್ನು ಸಂಶೋಧನೆಗೆ ಕೊಟ್ಟರು, ಆಗಲೇ ಸಿಟಿಇ, ಅಂದರೆ ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರುವ ಮಿದುಳಿನ ರೋಗ, ಇತ್ತು ಅಂತ ಖಚಿತವಾದದ್ದು. ಆ ತಾಯಿ ತಂದೆ, ಅವನ ಜೊತೆ ಟ್ರಕ್ಕಿನಲ್ಲಿ ಅಲೆದ ಗೆಳೆಯರು ಸೇರಿ ಅವನ ಹೆಸರಲ್ಲಿ ಪ್ರತಿಷ್ಠಾನ ಕಟ್ಟಿದರು. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಗುರುತಿಸಿ ನಿಲ್ಲಿಸುವುದು, ಮನಸ್ಸು ಕುಸಿದವನಿಗೆ ಮಾತಾಡಲು ಒಂದು ಬಾಗಿಲು ತೆರೆಯುವುದು ಅವರ ಕೆಲಸ. ಅದಕ್ಕೂ ಮುಂಚೆ, 1989ರ ಜುಲೈ 30ರಂದು ವಯೋಮಿಂಗ್‌ನ ಶಯೆನ್‌ನಲ್ಲಿ ಲೇನ್ ಫ್ರಾಸ್ಟ್ ಸತ್ತ. ಎಂಟು ಸೆಕೆಂಡ್ ಮುಗಿಸಿ ಇಳಿದಿದ್ದ, ಹೋರಿ ಹಿಂದಿನಿಂದ ತಿವಿಯಿತು. ಅವನಿಗೂ 25. ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ಆಮೇಲೆ ಎದೆ ಕಾಯುವ ವೆಸ್ಟು ರೂಪಿಸಿದ. ನೀನು ನೋಡುವ ಪ್ರತಿ ಹುಡುಗನ ಮೈಮೇಲೂ ಅದು ಇರುತ್ತದೆ.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ಸಾಹಸ ಮಾಡು ಅಂತ ಬೆನ್ನು ತಟ್ಟುವುದು ಯಾವ ಮನೆಗೂ ಯಾವ ಊರಿಗೂ ಸುಲಭ. ಸಾಕು, ಇವತ್ತು ಹತ್ತಬೇಡ, ಇಳಿ ಅನ್ನುವವರು ಯಾರು ಅನ್ನುವುದರ ಮೇಲೆ ಆ ಮನೆಯ, ಆ ಊರಿನ ಯೋಗ್ಯತೆ ನಿಂತಿದೆ. ಸವಾರ ತಾನಾಗಿ ಹೇಳುವುದಿಲ್ಲ, ಕಟ್ಟಿದ ಶುಲ್ಕ ಹೋಗುತ್ತದೆ, ಮರ್ಯಾದೆ ಹೋಗುತ್ತದೆ. ಹಗ್ಗ ಹಿಡಿದ ಗೆಳೆಯ ಹೇಳಬೇಕು. ಅಪ್ಪ ಹೇಳಬೇಕು.

ಪ್ರಾಣಿಯಂತೂ ಹೇಳಲಾರದು. ಅದಕ್ಕೆ ನೀನು ಬೇಕು. 2019ರ ಸ್ಟ್ಯಾಂಪೀಡ್‌ನಲ್ಲಿ ಆರು ಚಕ್‌ವ್ಯಾಗನ್ ಕುದುರೆಗಳು ಸತ್ತವು. ಆ ವಾರ ಗ್ಯಾರೇಜಿಗೆ ಬಂದಿದ್ದ ಒಬ್ಬ ಗಾಡಿಯವನು ಸ್ಟೂಲಿನ ಮೇಲೆ ಕೂತು ಒಂದು ಮಾತೂ ಆಡದೆ ಹೋದ. ಅವರ ದುಃಖ ಸುಳ್ಳಲ್ಲ. ರೇಸ್ ಮೈದಾನದಲ್ಲಿ ಯಾರಿಗೂ ಬೇಡವಾದ ಕುದುರೆಗಳನ್ನೇ ಇವರು ತಂದು ಸಾಕುವುದು ಅನ್ನುವುದೂ ನಿಜ. ಆದರೂ ದುಃಖ ಪಟ್ಟರೆ ಸತ್ತ ಕುದುರೆ ಏಳುವುದಿಲ್ಲ. 2022ರಿಂದ ಒಂದು ಓಟಕ್ಕೆ ನಾಲ್ಕು ಗಾಡಿಯ ಬದಲು ಮೂರೇ ಗಾಡಿ ಬಿಡುತ್ತಿದ್ದಾರೆ, ಜಾಗ ಹೆಚ್ಚು ಸಿಗಲಿ ಅಂತ. ಓಡುವ ಮುನ್ನ ಪಶುವೈದ್ಯರು ಕುದುರೆ ನೋಡುತ್ತಾರೆ. ಅಷ್ಟು ಸಾಕೋ ಸಾಲದೋ ನನಗಿಂತ ನೀನು ಚೆನ್ನಾಗಿ ಹೇಳಬಲ್ಲೆ. ಸಾಲದು ಅನಿಸಿದರೆ ಹೊರಗೆ ನಿಂತು ಕೂಗುವವರ ಜೊತೆ ನೀನು ಸೇರಿದರೂ ನನಗೆ ಬೇಸರವಿಲ್ಲ. ಒಳಗೆ ನಿಂತು, ಮನೆಯವರ ಮುಖ ನೋಡಿಕೊಂಡೇ "ಈ ಕುದುರೆ ಇವತ್ತು ಓಡುವ ಹಾಗಿಲ್ಲ" ಅಂತ ಹೇಳುವ ವೈದ್ಯೆಯಾದರೆ ನನಗೆ ಇನ್ನೂ ಸಂತೋಷ.

ಈ ಜನರ ಮೇಲೆ ನನಗೆ ಪಕ್ಷಪಾತ ಇರುವುದಕ್ಕೆ ಕಾರಣ ನಿನಗೆ ಗೊತ್ತು. 2013ರ ಜೂನ್ 20ರಂದು ಹೈವುಡ್ ನದಿ ಊರಿಗೆ ನುಗ್ಗಿ, ಹದಿಮೂರು ಸಾವಿರ ಜನ ಮನೆ ಬಿಟ್ಟಾಗ ನೀನು ಇನ್ನೂ ಚಿಕ್ಕವಳು. ವಾಪಸು ಬಂದಾಗ ಗ್ಯಾರೇಜಿನಲ್ಲಿ ಮೊಣಕಾಲು ಮಟ್ಟ ಕೆಸರು. ಕರೆಯದೆ ಬಂದವರು ಯಾರು? ವರ್ಷಕ್ಕೊಮ್ಮೆ ಬೇರಿಂಗ್ ಬದಲಿಸಲು ಬರುತ್ತಿದ್ದ ರೋಡಿಯೋ ಮನೆಗಳವರು. ಸಲಿಕೆ, ಪಂಪು, ಜನರೇಟರು, ಮಕ್ಕಳು ಸಮೇತ ಬಂದರು. ನಿಮ್ಮ ಅವ್ವ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟಳು, ಎಲ್ಲರೂ ನಿಂತೇ ತಿಂದರು. ದುಡ್ಡಿನ ಮಾತು ಎತ್ತಿದ್ದಕ್ಕೆ ಒಬ್ಬ ಅಜ್ಜ ನನ್ನ ಮೇಲೆ ಸಿಟ್ಟಾದ. ಅದೇ ಹೊತ್ತಿಗೆ ಕ್ಯಾಲ್ಗರಿಯ ಸ್ಟ್ಯಾಂಪೀಡ್ ಮೈದಾನವೂ ನೀರಲ್ಲಿತ್ತು. ಜುಲೈ 5ಕ್ಕೆ ಹೇಳಿದ ದಿನವೇ ಬಾಗಿಲು ತೆರೆದರು. ಆ ವರ್ಷದ ಟೀಶರ್ಟ್ ಮಾರಿ ಬಂದ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ರೆಡ್ ಕ್ರಾಸ್‌ಗೆ ಹೋಯಿತು.

ಪ್ಯಾನ್‌ಕೇಕ್ ಉಪಾಹಾರವೂ ಹಾಗೇ ಬಂದದ್ದು. 1923ರಲ್ಲಿ ಜ್ಯಾಕ್ ಮಾರ್ಟನ್ ಅನ್ನುವ ಗಾಡಿಯವನು ಪೇಟೆಯ ನಡುವೆ ಒಲೆ ಹಚ್ಚಿ ತನ್ನ ತಿಂಡಿ ಮಾಡಿಕೊಳ್ಳುವಾಗ ದಾರಿಹೋಕರನ್ನೂ ಕರೆದ. ಈಗ ಮಸೀದಿ, ಗುರುದ್ವಾರ, ಚರ್ಚು, ಓಣಿಯ ಸಮುದಾಯ ಭವನ, ಎಲ್ಲರೂ ಸ್ಟ್ಯಾಂಪೀಡಿನ ಹತ್ತು ದಿನ ಬಂದವರಿಗೆಲ್ಲ ಪುಕ್ಕಟೆ ಹಾಕುತ್ತಾರೆ. ಕಾವಲಿಯ ಮುಂದೆ ನಿಂತು ನಾನು ಈ ಊರಿನ ಮಾತು ಕಲಿತೆ, ಊರವರು ನನ್ನ ಹೆಸರು ಕಲಿತರು.

ಇನ್ನು ರೇಮಂಡ್ ವಿಷಯ. ಕೆನಡಾದಲ್ಲಿ ಮೊದಲ ರೋಡಿಯೋ ನಡೆದದ್ದು ಅಲ್ಲೇ, 1902ರಲ್ಲಿ. ಆ ಊರಿನವರಿಗೆ ಅದು ಹೆಮ್ಮೆ, ಅವರು ಹೇಳುವಾಗ ಹೊಸದಾಗಿ ಕೇಳಿದಂತೆ ಕೇಳು. ಹಿರಿಯರನ್ನು ಮೊದಲು ಮಾತಾಡಿಸು. ಊಟಕ್ಕೆ ಬೀಫ್ ಆನ್ ಎ ಬನ್ ಬಂದೇ ಬರುತ್ತದೆ, ನಾವು ತಿನ್ನುವುದಿಲ್ಲ ಅಂತ ನಯವಾಗಿ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನನ್ನನ್ನು ಯಾರೂ ಯಾವತ್ತೂ ತಪ್ಪು ತಿಳಿದಿಲ್ಲ. ಆ ಹುಡುಗನ ತಲೆಗೆ ಹಿಂದೆ ಪೆಟ್ಟು ಬಿದ್ದಿದೆಯಾ, ಬಿದ್ದಾಗ ಅವನನ್ನು ಯಾರು ನಿಲ್ಲಿಸಿದರು ಅಂತ ಅವನ ತಾಯಿಯನ್ನು ಒಬ್ಬಳೇ ಸಿಕ್ಕಾಗ ಕೇಳು. ನೀನು ಕೇಳಿದರೆ ಆಕೆ ಹೇಳುತ್ತಾಳೆ. ಆಕೆ ಏನಂದಳು ಅಂತ ನನಗೂ ಬರೆ.

ಶುಕ್ರವಾರ ಹೋಗುವ ದಾರಿಯಲ್ಲಿ ಮನೆಗೆ ಬಂದು ಹೋಗು. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕರದಂಟು ಕಟ್ಟಿಟ್ಟಿದ್ದಾಳೆ. ಎರಡು ಕಟ್ಟು ಇವೆ, ದೊಡ್ಡದು ಅವರ ಮನೆಗೆ.

ನಿನ್ನ
ಅಪ್ಪ